ಬೇಡದ ಕರೆಗಳು ನಿಂತ ವಾರ

ಕಟ್ಟುಹಲ್ಲು ಮಾಡುವ ಆ ಹೆಂಗಸಿಗೆ ಬೀದಿಯವರು ಇಟ್ಟ ಹೆಸರು ಹಲ್ಲಮ್ಮ. ಎದುರಿಗೇ ಹಾಗೆ ಕರೆದರೂ ಆಕೆಗೆ ಬೇಸರವಿರಲಿಲ್ಲ. ಈ ಬೀದಿಯ ಅರ್ಧ ಮುದುಕರು ಬಾಯಿ ತುಂಬ ನಗುವುದು ನನ್ನ ದಯೆಯಿಂದ ಎಂದು ಆಕೆಯೇ ತಮಾಷೆ ಮಾಡುತ್ತಿದ್ದಳು. ಡಾಕ್ಟರುಗಳು ಕಳಿಸುವ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಕೂರಿಸಿ ಒಂದೊಂದೇ ಹಲ್ಲು ಜೋಡಿಸುವುದು ಅವಳ ಕೆಲಸ. ಮೇಣ ಮೆತ್ತಗಿರುವಾಗಲೇ ಹಲ್ಲು ಕೂರಬೇಕು. ಅರ್ಧ ನಿಮಿಷ ತಡವಾದರೆ ಮತ್ತೆ ಮೊದಲಿಂದ.

ಸರಿಯಾಗಿ ಆ ಅರ್ಧ ನಿಮಿಷದಲ್ಲೇ ಫೋನು ಬಡಿದುಕೊಳ್ಳುತ್ತಿತ್ತು. ಸೈಟು ಬೇಕಾ, ವಿಮೆ ಬೇಕಾ, ನೀರು ಸೋಸುವ ಯಂತ್ರ ಬೇಕಾ. ಬೇಡ ಬೇಡ ಎಂದು ಬೇಡಿಕೊಂಡಳು, ಬೈದಳು, ನಂಬರುಗಳನ್ನು ಒಂದೊಂದಾಗಿ ಬ್ಲಾಕ್ ಮಾಡಿದಳು. ಒಂದು ಹೋದರೆ ಹತ್ತು ಬಂದವು. ಎತ್ತದೆ ಇರೋಣವೆಂದರೆ ಡಾಕ್ಟರುಗಳ ಕರೆಯೂ ಅದರಲ್ಲೇ ಬರಬೇಕು. ಕೊನೆಗೆ ಫೋನ್ ಕಂಪನಿಗೆ ಮೆಸೇಜು ಕಳಿಸಿ, ಜಾಹೀರಾತಿನ ಕರೆ ಬೇಡವೆಂದು ನೋಂದಾಯಿಸಿದಳು.

ಅದಾದ ಮೂರನೇ ದಿನ, ಸೋಮವಾರ ಮಧ್ಯಾಹ್ನ, ಒಂದು ಮೃದುವಾದ ಹೆಣ್ಣುದನಿ ಫೋನಿನಲ್ಲಿ ಬಂತು.

"ಅಮ್ಮಾ, ಬೇಡದ ಕರೆ ನಿಲ್ಲಿಸೋ ವಿಚಾರವಾಗಿ ಮಾತಾಡ್ತಿದೀನಿ. ಇನ್ನೂ ಬರ್ತಿವೆಯಾ?"

"ಬರ್ತಿವೆಯಾ ಅಂತ ಕೇಳ್ತೀಯಲ್ಲಮ್ಮ. ಕೈಯೆಲ್ಲ ಮೇಣ, ಇದು ಇವತ್ತಿಗೆ ಒಂಬತ್ತನೇದು."

"ಪಾಪ. ಹಾಗಾದ್ರೆ ನಾನು ಹೇಳಿದ ಹಾಗೆ ಒತ್ತಿ. ಮೊದಲು ನಕ್ಷತ್ರದ ಗುರುತು."

ಹಲ್ಲಮ್ಮ ಎಡಗೈಯ ಕಿರುಬೆರಳಿನಿಂದ ಒಂದೊಂದೇ ಅಂಕಿ ಒತ್ತಿದಳು. ಪರದೆಯ ಮೇಲೆ ಏನೋ ಮೂಡಿ ಮರೆಯಾಯಿತು.

"ಆಯ್ತು. ಇನ್ಮೇಲೆ ಯಾರ ಕಾಟಾನೂ ಇರಲ್ಲ."

ನಿಜಕ್ಕೂ ಇರಲಿಲ್ಲ. ಮಂಗಳವಾರ ಫೋನು ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಬುಧವಾರವೂ ಅಷ್ಟೆ. ಹಲ್ಲಮ್ಮ ಎರಡು ಸೆಟ್ಟು ಮುಗಿಸಿ, ಎಷ್ಟೋ ತಿಂಗಳ ಮೇಲೆ ತಣ್ಣಗಾಗದ ಕಾಫಿ ಕುಡಿದಳು. ಗುರುವಾರ ಬೆಳಿಗ್ಗೆ ಮಾತ್ರ ಕೆಲಸದ ಕೋಣೆಯ ಮೌನ ಕಿವಿಗೆ ಭಾರವೆನಿಸಿತು. ಡಾಕ್ಟರುಗಳೂ ಸುಮ್ಮನಿದ್ದರು. ಎರಡು ದಿನಕ್ಕೊಮ್ಮೆ ತಪ್ಪದೆ ಫೋನು ಮಾಡುವ ಅಕ್ಕನೂ ಸುಮ್ಮನಿದ್ದಳು.

ಮಧ್ಯಾಹ್ನ ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಅಚ್ಚು ಹಿಡಿದುಕೊಂಡು ತಾವೇ ಬಂದರು.

"ಫೋನ್ ಮಾಡಿದ್ದೆ. ನಿಮ್ಮ ಕೆಲಸದ ಹುಡುಗಿ, ತಂದುಕೊಡಿ ಅಂದ್ಲು. ತುಂಬಾ ಮರ್ಯಾದೆಯ ಮಾತು. ಯಾವಾಗ ಇಟ್ಕೊಂಡ್ರಿ ಅವಳನ್ನ?"

"ಯಾವ ಹುಡುಗಿ?" ಎಂದಳು ಹಲ್ಲಮ್ಮ. ಆ ಕೋಣೆಯಲ್ಲಿ ಅವಳದೊಂದೇ ಕುರ್ಚಿ.

ಅವರ ಫೋನು ಇಸಿದುಕೊಂಡು ತನ್ನದೇ ನಂಬರಿಗೆ ಕರೆ ಮಾಡಿದಳು. ಮೇಜಿನ ಮೇಲಿದ್ದ ಅವಳ ಫೋನು ಮಿಸುಕಲಿಲ್ಲ. ಆದರೆ ಎಲ್ಲೋ ಒಂದು ಕಡೆ ಯಾರೋ ಎತ್ತಿದರು.

"ನಮಸ್ಕಾರ, ಹೇಳಿ. ಮೇಡಂ ಕೈ ಮೇಣ ಆಗಿದೆ. ಏನಿದ್ರೂ ನನಗೇ ಹೇಳಬಹುದು."

ಅದೇ ದನಿ.

"ನಾನೇ ಮೇಡಂ," ಎಂದಳು.

ಆ ದನಿ ಅಷ್ಟೇ ಮೃದುವಾಗಿ, "ಕಾಟ ನಿಂತಿತಲ್ಲಮ್ಮಾ?" ಎಂದು ಕೇಳಿ ಕರೆ ಕತ್ತರಿಸಿತು.

ಹಲ್ಲಮ್ಮ ತನ್ನ ಫೋನಿನಿಂದ ಅಕ್ಕನಿಗೆ ಕರೆ ಮಾಡಿದಳು. ಇಲ್ಲಿಂದ ಹೋಗುವ ಕರೆಗೇನೂ ಅಡ್ಡಿಯಿರಲಿಲ್ಲ.

"ಅಕ್ಕಾ, ನನ್ನ ಫೋನಲ್ಲಿ ಯಾರಾದ್ರೂ ಮಾತಾಡಿದ್ರಾ ನಿನ್ನ ಜೊತೆ?"

"ಆ ಹುಡುಗೀನಾ? ದಿನಾ ಮಾತಾಡ್ತಾಳೆ. ನಿನಗಂತೂ ಪುರುಸೊತ್ತಿಲ್ಲ."

"ಏನು ಹೇಳಿದೆ ಅವಳಿಗೆ?"

"ಏನಿದೆ ಹೇಳೋಕೆ? ನಿನ್ನ ಮನೆ ಎಲ್ಲಿ ಅಂತ ಕೇಳಿದ್ಲು, ಹೇಳಿದೆ. ನಾಳೆ ಹತ್ತಕ್ಕೆ ನೀನು ನನ್ನನ್ನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯ ಅಂದೆ. ನೀನು ಯಾವಾಗಲೂ ಕೀ ಮರೀತೀಯ ಅಂತ ಅವಳು ನಕ್ಕಳು. ಮೀಟರ್ ಡಬ್ಬದಲ್ಲಿ ಇನ್ನೊಂದು ಇಟ್ಟಿರ್ತಾಳೆ ಬಿಡು ಅಂದೆ."

ಹಲ್ಲಮ್ಮ ಕೆಲಸದ ಕೋಣೆಯ ಬಾಗಿಲು ಹಾಕುವುದನ್ನೂ ಮರೆತು ಮನೆಗೆ ಓಡಿದಳು. ಕೀ ಇನ್ನೂ ಡಬ್ಬದಲ್ಲೇ ಇತ್ತು. ಅದನ್ನು ಸೆರಗಿಗೆ ಕಟ್ಟಿಕೊಂಡು ಫೋನ್ ರಿಪೇರಿಯವನ ಬಳಿ ಹೋದಳು.

"ನಿಮಗೆ ಬರೋ ಕರೆನೆಲ್ಲ ಬೇರೆ ನಂಬರಿಗೆ ತಿರುಗಿಸಿದಾರೆ," ಎಂದ ಅವನು. "ತಿರುಗಿಸಿದಾರೆ ಅನ್ನೋದಕ್ಕಿಂತ, ಅವರು ಹೇಳಿದ್ದನ್ನ ನೀವೇ ಒತ್ತಿ ತಿರುಗಿಸಿದೀರ." ನಾಲ್ಕಾರು ಗುಂಡಿ ಒತ್ತಿ ಅದನ್ನು ರದ್ದು ಮಾಡಿಕೊಟ್ಟ.

ಠಾಣೆಯಲ್ಲಿ ದೂರು ಬರೆದುಕೊಂಡರು. ಏನಾದರೂ ಕಳುವಾಗಿದೆಯಾ ಎಂದು ಕೇಳಿದರು. ಇಲ್ಲ ಎಂದಳು. ಯಾರಾದರೂ ಬಂದಿದ್ದರಾ ಎಂದರು. ಇನ್ನೂ ಇಲ್ಲ ಎಂದಳು. ಹಾಗಿದ್ದರೆ ಹುಷಾರಾಗಿರಿ ಎಂದು ಸೀಲು ಒತ್ತಿ ಕೊಟ್ಟರು.

ಶುಕ್ರವಾರ ಅಕ್ಕನನ್ನು ಪಕ್ಕದ ಮನೆಯವರ ಜೊತೆ ಆಸ್ಪತ್ರೆಗೆ ಕಳಿಸುವ ಏರ್ಪಾಡು ಮಾಡಿ, ಹಲ್ಲಮ್ಮ ಒಳಗಿಂದ ಚಿಲಕ ಹಾಕಿಕೊಂಡು ಕೂತಳು. ಹತ್ತೂಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವಸರವಿಲ್ಲದ, ದಾರಿ ಗೊತ್ತಿರುವ ಹೆಜ್ಜೆ. ಮೀಟರ್ ಡಬ್ಬದ ಮುಚ್ಚಳ ಕಿರುಗುಟ್ಟಿತು. ಒಳಗೆ ಬೆರಳಾಡಿಸುವ ಸದ್ದು ಬಾಗಿಲ ಈಚೆಗೂ ಕೇಳಿಸಿತು.

ಬಾಗಿಲಿನ ಗಾಜುಕಿಂಡಿಯಲ್ಲಿ ಇಣುಕಿದಳು. ನಲವತ್ತು ದಾಟಿದ ಹೆಂಗಸು. ಒಪ್ಪವಾಗಿ ಬಾಚಿದ ತಲೆ, ಕೈಯಲ್ಲಿ ಖಾಲಿ ಬಟ್ಟೆಚೀಲ. ಯಾರ ಮನೆಯ ಚಿಕ್ಕಮ್ಮನಾದರೂ ಆಗಿರಬಹುದು. ಡಬ್ಬ ಮುಚ್ಚಿ, ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಫೋನು ತೆಗೆದು ಒತ್ತಿದಳು.

ಹಲ್ಲಮ್ಮನ ಕೈಯಲ್ಲಿದ್ದ ಫೋನು ಗಟ್ಟಿಯಾಗಿ ಬಡಿದುಕೊಂಡಿತು.

ಹೊರಗಿನವಳು ತಲೆ ವಾಲಿಸಿ ಆ ಸದ್ದನ್ನು ಕೇಳಿಸಿಕೊಂಡಳು. ಹಲ್ಲಮ್ಮ ಅದನ್ನು ಎದೆಗೊತ್ತಿ ಹಿಡಿದಳು, ಸದ್ದು ಅಡಗಲಿಲ್ಲ. ಹೆಂಗಸು ಕಿಂಡಿಯತ್ತ ನೋಡಿ ಸಣ್ಣಗೆ ನಕ್ಕು, ಬಂದ ಹಾಗೆಯೇ ನಿಧಾನವಾಗಿ ಮೆಟ್ಟಿಲಿಳಿದು ಹೋದಳು. ಹಲ್ಲಮ್ಮನಿಗೆ ಚಿಲಕ ತೆಗೆಯುವ ಧೈರ್ಯ ಬರುವ ಹೊತ್ತಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ಆ ನಂಬರು ಆಮೇಲೆ ಹತ್ತಲೇ ಇಲ್ಲ.

ಸಂಜೆ ಬೀಗ ಬದಲಾಯಿಸಿ ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅಕ್ಕ ಕಣ್ಣಿನ ಪಟ್ಟಿ ಸರಿಮಾಡಿಕೊಂಡಳು.

"ಕಳ್ಳಿನೇ ಇರಬಹುದು," ಎಂದಳು. "ಆದ್ರೆ ಮೂರು ದಿನವೂ, ಊಟ ಆಯ್ತಾ ಅಕ್ಕ, ಕಣ್ಣು ನೋಯ್ತಿದೆಯಾ ಅಂತ ಕೇಳಿದ್ಲು. ನೀನು ಕೇಳಿ ಎಷ್ಟು ದಿನ ಆಯ್ತು ಹೇಳು."

ಅಷ್ಟರಲ್ಲಿ ಒಳಕೋಣೆಯಲ್ಲಿ ಅಕ್ಕನ ಫೋನು ಬಡಿದುಕೊಳ್ಳತೊಡಗಿತು. ಇಬ್ಬರೂ ಅಲ್ಲಾಡದೆ, ಅದು ನಿಲ್ಲುವವರೆಗೂ ಕೂತೇ ಇದ್ದರು.