ಪ್ಯಾನೆಲ್‌ಗೊಬ್ಬಳು ಹೆಂಗಸು

ಆ ಕಂಪನಿಯ ಶಾಖೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವನಾದ ಮ್ಯಾನೇಜರ್ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಅಕ್ಕ ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ನಗರದ ಬಸ್ಸುಗಳ ವೇಳೆ ಹೊಂದಿಸುವ ತಂತ್ರಾಂಶ ಅವಳ ಕೈಯಲ್ಲಿ ಹುಟ್ಟಿದ್ದು. ಎಲ್ಲೋ ಒಂದು ಬಸ್ಸು ಕೆಟ್ಟು ನಿಂತರೆ ಅದರ ಹಿಂದಿನವುಗಳನ್ನು ಯಾವ ದಾರಿಗೆ ತಿರುಗಿಸಬೇಕು, ನಿಲ್ದಾಣದಲ್ಲಿ ಕಾದು ಸಿಡುಕುತ್ತಿರುವವರಿಗೆ ಏನು ಹೇಳಬೇಕು ಎಂಬುದನ್ನೆಲ್ಲ ಅದು ತಾನೇ ಲೆಕ್ಕ ಹಾಕುತ್ತಿತ್ತು. ತಂಡ ಎಂಬುದೇ ಇಲ್ಲದ ಕಾಲದಲ್ಲಿ, ಕಿಟಕಿಯಿಲ್ಲದ ಮೂಲೆಯೊಂದರಲ್ಲಿ ಕೂತು ಅವಳು ಅದನ್ನು ಬರೆದಿದ್ದಳು.

ಆಮೇಲೆ ಎಲ್ಲ ಕಂಪನಿಗಳಿಗೂ ಒಟ್ಟಿಗೇ ಜ್ಞಾನೋದಯವಾದ ಒಂದು ವರ್ಷ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಹೆಂಗಸರೆಷ್ಟು, ಮಕ್ಕಳಿಗಾಗಿ ಕೆಲಸ ಬಿಟ್ಟು ಮತ್ತೆ ಬಂದವರೆಷ್ಟು, ಕಣ್ಣು ಕಿವಿಯ ತೊಂದರೆ ಇರುವವರೆಷ್ಟು ಎಂದು ಲೋಕ ಕೇಳತೊಡಗಿತು. ಕೇಳಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಪ್ರಧಾನ ಕಚೇರಿಯವರೂ ಒಂದು ನಿಯಮ ಮಾಡಿದರು. ಯಾವ ಸಂದರ್ಶನವೇ ಇರಲಿ, ಪ್ರಶ್ನೆ ಕೇಳುವ ಪ್ಯಾನೆಲ್‌ನಲ್ಲಿ ಒಬ್ಬಳು ಹಿರಿಯ ಮಹಿಳಾ ಎಂಜಿನಿಯರ್ ಇರಲೇಬೇಕು. ಇಲ್ಲದಿದ್ದರೆ ಸಂದರ್ಶನವೇ ನಡೆಯಕೂಡದು. ಇಷ್ಟೆಲ್ಲ ತಲೆ ಓಡಿಸಿದವರು ಒಂದು ಸಣ್ಣ ಸಂಗತಿಯನ್ನು ಮಾತ್ರ ನೋಡಿರಲಿಲ್ಲ. ಆ ಶಾಖೆಯಲ್ಲಿ ಅಂಥವಳು ಅಂತ ಇದ್ದದ್ದು ಅಕ್ಕ ಒಬ್ಬಳೇ.

ಸರಿ, ಅಕ್ಕ ಕೂತಳು. ಬೆಳಿಗ್ಗೆ ಒಂದು ಪ್ಯಾನೆಲ್, ಊಟದ ನಂತರ ಇನ್ನೊಂದು. ಮೊದಮೊದಲು ಅವಳಿಗೂ ಹುರುಪಿತ್ತು, ಸುಳ್ಳು ಯಾಕೆ ಹೇಳಬೇಕು? ಬಾಗಿಲಲ್ಲೇ ಬೆವರುತ್ತಿದ್ದವರನ್ನು ಕೂರಿಸಿ, ನೀರು ಕೊಟ್ಟು, ಮಾತಿಗೆಳೆದು ಅವರೊಳಗಿನ ಜಾಣತನವನ್ನು ಹೊರಗೆ ತರುವ ಕಲೆ ಅವಳಿಗೆ ಚೆನ್ನಾಗಿ ಸಿದ್ಧಿಸಿತ್ತು. ಮಕ್ಕಳನ್ನು ಬೆಳೆಸಿ ವರ್ಷಗಳ ಮೇಲೆ ಮರಳಿ ಬಂದ ಒಬ್ಬಳು ತಾಯಿ, ಪರದೆಯನ್ನು ಕಿವಿಯಿಂದಲೇ ಓದುವ ಒಬ್ಬ ಕುರುಡ ಪ್ರೋಗ್ರಾಮರ್, ಎಲ್ಲರೂ ಅವಳು ಆರಿಸಿ ತಂದವರೇ. ಅವರೆಲ್ಲ ಕೂರುವ ಮಹಡಿ ಮೊದಲಿನಂತೆ ಉಳಿಯಲಿಲ್ಲ. ಕಂಪನಿಯ ಜಾಹೀರಾತಿನಲ್ಲಿ ಅವರ ಫೋಟೊ ಬಂತು, ಮ್ಯಾನೇಜರ್‌ಗೆ ಶಾಲು ಹೊದಿಸಿ ಸನ್ಮಾನ ಮಾಡುವುದೊಂದು ಬಾಕಿ.

ಆದರೆ ಹೀಗೆ ಇಡೀ ದಿನ ಬೇರೆಯವರ ಕೆಲಸದ ಬಗ್ಗೆ ಕೇಳುತ್ತ ಕೂತವಳ ಸ್ವಂತ ಕೆಲಸ ಮಾಡುವವರ್ಯಾರು? ಅದು ಚೂರುಚೂರಾಗಿ ಪಕ್ಕದ ಮೇಜಿನ ಕನ್ನಡಕದವನ ಪಾಲಾಯಿತು. ಅವನನ್ನೂ ಅವಳೇ ಆರಿಸಿದ್ದಳು. ಒಳ್ಳೆಯ ಹುಡುಗ, ಚುರುಕು. ಅವಳು ಸಂದರ್ಶನ ಮುಗಿಸಿ ಬರುವಷ್ಟರಲ್ಲಿ ಅವಳು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿ, "ಅಕ್ಕ, ಒಮ್ಮೆ ನೋಡಿಬಿಡಿ" ಎನ್ನುತ್ತಿದ್ದ. ನೋಡಿದರೆ ಚೆನ್ನಾಗಿಯೇ ಇರುತ್ತಿತ್ತು. ಅವಳಿಗೆ ಸಂತೋಷವಾಗುತ್ತಿತ್ತು, ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಲೂ ಇತ್ತು.

ಅಷ್ಟರಲ್ಲಿ ಬಸ್ಸಿನ ತಂಡವನ್ನು ಮುನ್ನಡೆಸಲು ಒಬ್ಬ ಲೀಡ್ ಬೇಕೆಂದು ಪ್ರಕಟಣೆ ಬಂತು. ಅಕ್ಕನಿಗೆ ಆ ಹುದ್ದೆ ಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಅವಳು ಅದನ್ನು ಹಸಿದವರು ಊಟ ಬಯಸುವಂತೆ ಬಯಸಿದ್ದಳು. ಮತ್ತೆ ಆ ಬಸ್ಸುಗಳ ನಡುವೆ ಕೂತು, ಮುಂದೆ ಆ ತಂತ್ರಾಂಶ ಯಾವ ದಾರಿ ಹಿಡಿಯಬೇಕೆಂದು ತಾನೇ ಹೇಳಬೇಕು ಎನ್ನುವುದು ಅವಳ ಆಸೆ.

ಸಂಜೆ ಮನೆಯಲ್ಲಿ ಬಾಯಿ ಬಿಟ್ಟಳು. ಗಂಡ ಶಾಲೆಯ ಡ್ರಿಲ್ ಮೇಷ್ಟ್ರು, ಮನೆಯಲ್ಲಿ ಮಾತ್ರ ಸೀಟಿ ಊದುವವಳು ಅವನ ತಾಯಿ, ನಿವೃತ್ತ ನರ್ಸ್. ಬಟ್ಟೆ ಮಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸದೆಯೇ ಹೇಳಿದಳು. "ನಮ್ಮ ವಾರ್ಡಲ್ಲೂ ಹೀಗೇ ಇತ್ತು ಕಣೇ. ಇಂಜೆಕ್ಷನ್ ಕೊಟ್ರೆ ನೋವೇ ಆಗಲ್ಲ ಅಂತ ಎಲ್ಲಾ ಬೆಡ್ಡಿಗೂ ನನ್ನನ್ನೇ ಕರೆಯೋರು. ಹೆಡ್ ನರ್ಸ್ ಮಾಡೋ ಹೊತ್ತಿಗೆ, ಇವಳನ್ನ ಮೇಲೆ ಕೂರಿಸಿದ್ರೆ ಇಂಜೆಕ್ಷನ್ ಯಾರು ಕೊಡ್ತಾರೆ ಅಂದ್ರು."

"ಆಮೇಲೆ ನೀವೇನು ಮಾಡಿದ್ರಿ?"

"ಏನ್ ಮಾಡೋದು? ಇಂಜೆಕ್ಷನ್ ಕೊಟ್ಟೆ."

ಗಂಡ ನಕ್ಕ. ಅತ್ತೆ ನಗಲಿಲ್ಲ. ಅಕ್ಕ ಅಲ್ಲೇ ಕೂತು ಅರ್ಜಿ ತುಂಬಿದಳು.

ಮರುದಿನ ನೇಮಕಾತಿ ವಿಭಾಗದವನು ಅವಳ ಮೇಜಿನ ಬಳಿಗೆ ಓಡಿ ಬಂದ. ಅವನು ನಡೆದದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಅವನ ಹೆಸರು ಬಿರುಗಾಳಿ.

"ಅಕ್ಕ, ಶುಕ್ರವಾರ ಲೀಡ್ ಸಂದರ್ಶನ. ನಿಮ್ಮ ಕ್ಯಾಲೆಂಡರ್‌ಗೆ ಹಾಕಿಬಿಟ್ಟಿದೀನಿ, ಇಡೀ ದಿನ."

"ನನ್ನ ಒಬ್ಬಳ ಸಂದರ್ಶನಕ್ಕೆ ಇಡೀ ದಿನ ಯಾಕಪ್ಪ?"

"ನಿಮ್ಮ ಸಂದರ್ಶನ ಅಲ್ಲ, ನೀವು ಪ್ಯಾನೆಲ್ಲು."

"ನಾನು ಅರ್ಜಿ ಹಾಕಿದೀನಿ. ನಿನ್ನೆ ಸಂಜೆಯೇ."

ಬಿರುಗಾಳಿ ಜೀವಮಾನದಲ್ಲಿ ಮೊದಲ ಸಲ ನಿಂತ. ಅವನ ಮುಖದಲ್ಲಿ ಸಿಟ್ಟಾಗಲಿ ತಾತ್ಸಾರವಾಗಲಿ ಇರಲಿಲ್ಲ, ಶುದ್ಧ ಆಶ್ಚರ್ಯವಿತ್ತು. "ಹಾಗಾದ್ರೆ ಪ್ಯಾನೆಲ್‌ಗೆ ಯಾರು?" ಎಂದ. ಬೇಡ ಎಂದಿದ್ದರೆ ಅವಳು ಜಗಳವಾಡುತ್ತಿದ್ದಳು. ಅವಳಿಗೂ ಇಂಥದೊಂದು ಆಸೆ ಇರಬಹುದೆಂದು ಯಾರ ತಲೆಗೂ ಹೊಳೆದೇ ಇರಲಿಲ್ಲವಲ್ಲ, ಅದು ಅವಳಿಗೆ ನಾಟಿತು.

ಮ್ಯಾನೇಜರ್ ಕರೆಸಿಕೊಂಡ. ಕುರ್ಚಿ ತೋರಿಸಿ, ಬೆಣ್ಣೆಯಂಥ ದನಿ ಮಾಡಿ, "ಈ ಸಲ ನೀವು ಪ್ಯಾನೆಲ್‌ನಲ್ಲಿ ಕೂತುಬಿಡಿ. ನಿಮ್ಮಿಂದ ಎಷ್ಟು ಹೆಣ್ಣುಮಕ್ಕಳಿಗೆ ದಾರಿ ಆಗ್ತಿದೆ ನೋಡಿ. ಮುಂದಿನ ಸಲ ನಿಮ್ಮದೇ" ಎಂದ.

"ಮುಂದಿನ ಸಲ ಪ್ಯಾನೆಲ್‌ಗೆ ಯಾರು ಕೂರ್ತಾರೆ ಸಾರ್?"

ಅವನು ಸೂರು ನೋಡಿದ. ಅಲ್ಲೇನೂ ಬರೆದಿರಲಿಲ್ಲ. ಅವಳು ಅರ್ಜಿ ವಾಪಸ್ ತೆಗೆದುಕೊಳ್ಳುವುದಿಲ್ಲವೆಂದು ಮೆಲ್ಲಗೆ ಹೇಳಿ ಎದ್ದು ಬಂದಳು. ಕೊನೆಗೆ ಇನ್ನೊಂದು ಊರಿನ ಶಾಖೆಯಿಂದ ಒಬ್ಬ ಹಿರಿಯ ಎಂಜಿನಿಯರಮ್ಮನನ್ನು ಕಡ ತಂದರು. ಆಕೆ ಅಲ್ಲಿಂದಲೇ ಸ್ಕ್ರೀನ್ ಮೇಲೆ ಬರುವುದೆಂದಾಯಿತು.

ಶುಕ್ರವಾರ ಅಕ್ಕ ತಾನು ಎಂದೂ ಕೂರದ ಕಡೆ ಕೂತಳು. ಮೇಜಿನ ಆಚೆ ಮ್ಯಾನೇಜರ್, ಗೋಡೆಯ ಸ್ಕ್ರೀನ್ ಮೇಲೆ ಕಿವಿಯ ಪಕ್ಕದ ಕೂದಲು ನರೆತ, ದಣಿದ ಮುಖದ ಆ ಹೆಂಗಸು. ಒಂದೇ ಸೇತುವೆಯ ಎರಡೂ ಕಡೆ ಬಸ್ಸು ಕೆಟ್ಟು ನಿಂತರೆ ನಿಮ್ಮ ತಂತ್ರಾಂಶ ಏನು ಮಾಡುತ್ತದೆ ಎಂದು ಆಕೆ ಕೇಳಿದಳು. ಎಂಥ ಪ್ರಶ್ನೆ! ಅಕ್ಕನ ಮುಖ ಅರಳಿತು. ಎದ್ದು ಬೋರ್ಡಿನ ಮೇಲೆ ಸೇತುವೆ ಬರೆದು, ಬಸ್ಸು ತಿರುಗಿಸಿ, ಈಗಿರುವ ದೋಷವನ್ನೂ ಮುಚ್ಚಿಡದೆ ತೋರಿಸಿ, ಅದನ್ನು ಹೇಗೆ ಸರಿಮಾಡುವೆನೆಂದು ಹೇಳಿದಳು. ಬಹಳ ದಿನಗಳ ಮೇಲೆ ತನ್ನ ಮನೆಗೆ ತಾನೇ ಬಂದಂತಾಗಿತ್ತು ಅವಳಿಗೆ.

ಆಗ ಮ್ಯಾನೇಜರ್ ಕಾಗದ ತಿರುವಿದ. "ಎಲ್ಲಾ ಸರಿ, ಆದ್ರೆ ಹೋದ ವರ್ಷ ನಿಮ್ಮ ಸ್ವಂತ ಕೆಲಸ ಕಡಿಮೆ ಕಾಣ್ತಿದೆಯಲ್ಲ?"

ಆ ಇಡೀ ವರ್ಷ ಪ್ಯಾನೆಲ್‌ನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತವನು ಅವನೇ! ಎಷ್ಟೋ ಜನ ಅಂಜುಬುರುಕರ ಬಾಯಿ ಬಿಡಿಸಿದವಳಿಗೆ ತನ್ನ ಬಾಯೇ ಕಟ್ಟಿತು. "ಬೇರೆ ಬೇರೆ ಜವಾಬ್ದಾರಿ ಇತ್ತು ಸಾರ್" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಸ್ಕ್ರೀನ್ ಮೇಲಿನ ಹೆಂಗಸು ಏನೋ ಹೇಳಲು ಮೈಕಿನತ್ತ ಕೈ ಚಾಚಿದಳು. ಹೇಳಲಿಲ್ಲ.

ಹುದ್ದೆ ಕನ್ನಡಕದವನಿಗೆ ಹೋಯಿತು. ಅವನು ಬಂದು ಎದುರು ನಿಂತ. "ಅಕ್ಕ, ಇದು ನಿಮ್ಮದಾಗ್ಬೇಕಿತ್ತು."

"ಹೌದು, ಆಗ್ಬೇಕಿತ್ತು. ಆದ್ರೆ ನೀನು ಕದ್ದಿಲ್ಲ ಬಿಡು. ಹೋಗು, ಚೆನ್ನಾಗಿ ಮಾಡು" ಎಂದಳು. ಮನೆಗೆ ಬಂದು ಅತ್ತೆಯ ಮಂಚದ ಮೇಲೆ ಕೂತು ಅತ್ತಳು. ಅತ್ತೆ ಬುದ್ಧಿಮಾತು ಹೇಳಲಿಲ್ಲ, ಮಡಿಸಿದ ಬಟ್ಟೆಯ ರಾಶಿಯಿಂದ ಮಗನ ಒಳ್ಳೆಯ ಕರವಸ್ತ್ರವನ್ನೇ ಎಳೆದು ಕೊಟ್ಟು, "ಇದರಲ್ಲಿ ಮೂಗು ಒರೆಸ್ಕೋ" ಎಂದಳು.

ಮರುವಾರ ಅಕ್ಕ ಬಿರುಗಾಳಿಗೆ ಹೇಳಿದಳು, ಇನ್ನು ನಾನು ಯಾವ ಪ್ಯಾನೆಲ್‌ಗೂ ಕೂರುವುದಿಲ್ಲ, ನನಗೆ ಕೆಲಸವಿದೆ. ಕೂರಲೂ ಇಲ್ಲ. ಸಂದರ್ಶನಗಳು ಸಾಲುಗಟ್ಟಿ ನಿಂತವು. ಪ್ರಧಾನ ಕಚೇರಿಯಿಂದ ಫೋನು ಬಂತು, ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತು ಕೂತ. ಅಕ್ಕ ಸೇತುವೆಯ ದೋಷ ಸರಿಮಾಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಬಿರುಗಾಳಿ ಕೈ ಹಿಸುಕಿಕೊಳ್ಳುತ್ತ ಮೆಲ್ಲಗೆ ಬಂದ. "ಬೈಬೇಡಿ ಅಕ್ಕ. ನಮ್ಮ ಶಾಖೆಗಲ್ಲ, ಆ ಊರಿನವರು ಕೇಳ್ತಿದಾರೆ. ಅಲ್ಲೂ ಲೀಡ್ ಸಂದರ್ಶನ, ಪ್ಯಾನೆಲ್‌ಗೆ ಹೆಂಗಸಿಲ್ಲ."

"ಯಾಕೆ, ಸ್ಕ್ರೀನ್ ಮೇಲೆ ಬಂದಿದ್ರಲ್ಲ ಆಯಮ್ಮ?"

"ಅವರೇ ಅರ್ಜಿ ಹಾಕಿದಾರೆ. ಇಷ್ಟು ವರ್ಷ ಇಲ್ಲದ್ದು ಈಗ ಹಾಕಿದಾರಂತೆ."

ಅಕ್ಕನಿಗೆ ಮೊದಲು ಸಿಟ್ಟೇ ಬಂತು. ಅವತ್ತು ಬಾಯಿಗೆ ಬೀಗ ಹಾಕಿಕೊಂಡು ಕೂತವಳಿಗೆ ನಾನು ಯಾಕೆ ಕೂರಬೇಕು? ಆಮೇಲೆ, ಬೇರೆ ಯಾರು ಕೂರುತ್ತಾರೆ ಎಂದೂ ಅನ್ನಿಸಿತು. "ಇದೊಂದಕ್ಕೆ ಬರ್ತೀನಿ ಅಂತ ಹೇಳು" ಎಂದಳು.

ಈ ಸಲ ಸ್ಕ್ರೀನ್ ಮೇಲೆ ಬಂದವಳು ಅಕ್ಕ. ಆ ಕಡೆಯ ಕೋಣೆಯಲ್ಲಿ ನರೆಗೂದಲಿನ ಹೆಂಗಸು ಕೇಳಿದ್ದಕ್ಕೆಲ್ಲ ಸೊಗಸಾಗಿ ಉತ್ತರಿಸಿದಳು. ಅಲ್ಲಿನ ಮ್ಯಾನೇಜರ್ ಕಾಗದ ತಿರುವಿ, "ಹೋದ ವರ್ಷ ನಿಮ್ಮ ಸ್ವಂತ ಕೆಲಸ ಅಷ್ಟಾಗಿ ಕಾಣ್ತಿಲ್ಲ" ಎಂದ. ಆ ಹೆಂಗಸಿನ ತಲೆ ತಗ್ಗಿತು.

"ಸಾರ್, ಇದಕ್ಕೆ ನಾನು ಉತ್ತರ ಹೇಳ್ತೀನಿ" ಎಂದಳು ಅಕ್ಕ. "ಹೋದ ವರ್ಷ ಅವರು ನಿಮಗೆ ಜನ ಹುಡುಕಿಕೊಡ್ತಿದ್ರು. ನೀವು ಪಕ್ಕದಲ್ಲೇ ಕೂತಿದ್ರಿ. ನಿಮ್ಮ ಮಹಡಿಗೆ ಹೋಗಿ ಅವರು ಯಾರನ್ನೆಲ್ಲ ತಂದಿದಾರೆ ಅಂತ ಒಂದು ಸುತ್ತು ನೋಡಿ ಬನ್ನಿ, ಅದನ್ನೂ ಕೆಲಸದಲ್ಲಿ ಸೇರಿಸಿ. ಆಮೇಲೆ ಕಡಿಮೆಯೋ ಹೆಚ್ಚೋ ಮಾತಾಡೋಣ. ನಾವು ಕಾಯ್ತೀವಿ."

ಆ ಕಡೆ ಹೆಂಗಸು ತಲೆ ಎತ್ತಿ ಅಕ್ಕನನ್ನೇ ನೋಡುತ್ತಿದ್ದಳು. ಕುರ್ಚಿ ಹಿಂದೆ ಸರಿದ ಸದ್ದಾಯಿತು, ಮ್ಯಾನೇಜರ್ ಎದ್ದು, ಮಹಡಿಯನ್ನು ಒಂದು ಸುತ್ತು ನೋಡಿ ಬರಲು ಬಾಗಿಲ ಕಡೆ ನಡೆದ.