ರಾಹುಕಾಲಕ್ಕೆ ಮೊದಲು ಒತ್ತಿದ ಒಪ್ಪಿಗೆ

ಚಕ್ರಪಾಣಿಯವರಿಗೆ ರಾಹುಕಾಲವೆಂದರೆ ಜೀವಭಯ. ಗ್ಯಾಸ್ ಸಿಲಿಂಡರ್ ಬದಲಾಯಿಸುವುದಕ್ಕೂ ಕ್ಯಾಲೆಂಡರ್ ನೋಡುವ ಮನುಷ್ಯ. ಹೆಂಡತಿ ಪ್ರಭಾ ಆಪ್ತಸಮಾಲೋಚಕಿ. ಬಸವೇಶ್ವರನಗರದ ಮನೆಯ ಮುಂದಿನ ಕೋಣೆಯಲ್ಲಿ ನೊಂದು ಬಂದವರ ಮಾತು ಕೇಳಿ, ಅದನ್ನೆಲ್ಲ, ಅವರ ಮನೆಯವರ ನಂಬರುಗಳ ಸಮೇತ, ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ತೆರೆದ ಆನ್‌ಲೈನ್ ಕಡತದಲ್ಲಿ ಬರೆದಿಡುತ್ತಾರೆ. ಆ ಬರಹವನ್ನು ಗಂಡನಿಗೂ ತೋರಿಸಿದವರಲ್ಲ.

ಅದೇ ಬ್ರೌಸರಿಗೆ ಚಕ್ರಪಾಣಿ ಒಂದು ಪುಕ್ಕಟೆ ಎಕ್ಸ್‌ಟೆನ್ಷನ್, ಅಂದರೆ ಪುಟ್ಟ ತಂತ್ರಾಂಶ, ಹಾಕಿಕೊಟ್ಟರು. ರಾಹುಕಾಲ ಬಂದರೆ ಮೂಲೆಯಲ್ಲಿ ಕೆಂಪು ಚುಕ್ಕಿ ತೋರಿಸುತ್ತದೆ. ಹಾಕುವಾಗ ಅದು ಏನೋ ಅನುಮತಿ ಕೇಳಿತು. ಇನ್ನೇನು ರಾಹುಕಾಲ ಶುರುವಾಗುವುದರಲ್ಲಿತ್ತು. ಓದುತ್ತಾ ಕೂತರೆ ಒಳ್ಳೆಯ ಗಳಿಗೆ ಜಾರಿಹೋದೀತೆಂದು ಒಪ್ಪಿಗೆ ಒತ್ತಿಬಿಟ್ಟರು. ಓದದೆ ಸಹಿ ಹಾಕಬೇಡಿ ಎಂದು ಬ್ಯಾಂಕಿನಲ್ಲಿ ಜನ್ಮವಿಡೀ ಗ್ರಾಹಕರಿಗೆ ಬೋಧಿಸಿದ ಮಹಾನುಭಾವ!

"ಚೆನ್ನಾಗಿದೆ ರೀ" ಎಂದು ಪ್ರಭಾ ನಕ್ಕರು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ, ಪ್ರಭಾ ಬಳಿ ಸಮಾಲೋಚನೆಗೆ ಬರುತ್ತಿದ್ದ ರಮ್ಯಶ್ರೀ ಸ್ಕೂಟರನ್ನು ಗೇಟಿಗೆ ಅಡ್ಡ ನಿಲ್ಲಿಸಿ ಓಡಿಬಂದಳು. ಮಗಳು ಹುಟ್ಟಿದ ಹೊಸತರಲ್ಲಿ ಮನಸ್ಸು ಕೆಟ್ಟಿದ್ದವಳು, ಈಗ ಆ ಮಗಳನ್ನೇ ಉಸಿರೆಂದುಕೊಂಡವಳು. ಅಂದಿನ ಕಥೆಯನ್ನು ಈ ವರ್ಷವಷ್ಟೇ ಪ್ರಭಾ ಮುಂದೆ ಬಾಯಿಬಿಟ್ಟಿದ್ದಳು.

ಅವಳ ಮೊಬೈಲಿನಲ್ಲಿ ಒಂದು ಮೆಸೇಜಿತ್ತು: 'ಮಗು ಅತ್ತಾಗೆಲ್ಲ ನೀರಿನ ಸಂಪಿನೊಳಗೆ ಹಾಕಿ ಮುಚ್ಚಳ ಮುಚ್ಚಿಬಿಡಬೇಕು ಅನ್ನಿಸುತ್ತಿತ್ತು.' ಪ್ರಭಾ ಬರೆದಿಟ್ಟಿದ್ದ ವಾಕ್ಯವೇ. ಕೆಳಗೆ ರಮ್ಯಶ್ರೀಯ ಗಂಡನ ನಂಬರು, ಅತ್ತೆಯ ನಂಬರು. ಸಂಜೆಯೊಳಗೆ ಹಣ ಬಾರದಿದ್ದರೆ ಇಬ್ಬರಿಗೂ ಕಳಿಸುತ್ತೇವೆಂಬ ಬೆದರಿಕೆ.

"ನಿಮ್ಮನ್ನ ಬಿಟ್ಟು ಯಾರಿಗೂ ಹೇಳಿಲ್ಲ ಮೇಡಂ. ಅವ್ರಿಗೆ ಗೊತ್ತಾದ್ರೆ ಮಗೂನ ನನ್ ಹತ್ರ ಬಿಡಲ್ಲ."

ಪ್ರಭಾ ಗಂಡನ ಮುಖವನ್ನೇ ದಿಟ್ಟಿಸಿದರು.

"ದೇವ್ರಾಣೆ ನಾನು ಏನೂ ಓದಿಲ್ಲ ಕಣೇ" ಎಂದರು ಚಕ್ರಪಾಣಿ. "ಆ ರಾಹುಕಾಲದ್ದು ಹಾಕಿದ್ದು ಬಿಟ್ರೆ..."

ಪ್ರಭಾ ಅದನ್ನು ತೆರೆದು, ಗಂಡ ಓದದೆ ಬಿಟ್ಟಿದ್ದನ್ನು ಓದಿದರು. ನೀವು ತೆರೆಯುವ ಪ್ರತಿ ಪುಟವನ್ನೂ ಇದು ಓದಬಲ್ಲದು, ಬದಲಿಸಬಲ್ಲದು ಎಂದಿತ್ತು. ಇಷ್ಟು ತಿಂಗಳಲ್ಲಿ ಎದುರಿನ ಕುರ್ಚಿಯಲ್ಲಿ ಕೂತು ಅತ್ತವರೆಲ್ಲ ನೆನಪಾದರು. ತಕ್ಷಣ ಎಕ್ಸ್‌ಟೆನ್ಷನ್ ಅಳಿಸಿಹಾಕಿದರು. ಅಳಿಸಿ ಏನು ಬಂತು, ಹೋದದ್ದು ಹೋಗಿತ್ತು.

"ಸಂಜೆವರೆಗೂ ಟೈಮಿದೆ. ಪೊಲೀಸ್ ಹತ್ರ ಹೋಗೋಣ, ಬನ್ನಿ" ಎಂದು ರಮ್ಯಶ್ರೀಯ ಕೈಹಿಡಿದು ಎಬ್ಬಿಸಿದರು.

ಅಷ್ಟರಲ್ಲಿ ಅವಳ ಮೊಬೈಲ್ ಹೊಡೆದುಕೊಂಡಿತು. ಅತ್ತೆ. ರಮ್ಯಶ್ರೀ ಸ್ಪೀಕರ್ ಒತ್ತಿದಳು.

"ಆ ಸಂಪಿನ ಮೆಸೇಜು ನಮಗೂ ಬಂತು. ಪಾಪೂನ ಪ್ಲೇಹೋಮಿಂದ ನಾವೇ ಕರ್ಕೊಂಡ್ ಬಂದ್ವಿ. ನೀನು ಮನೆಗೆ ಬರ್ಬೇಡಮ್ಮ."

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಹಿಂದೆ ಮಗು ಅಮ್ಮಾ ಎಂದು ಕೂಗುತ್ತಿತ್ತು. ಯಾರೋ ಒಳಗಿನಿಂದ ಬಾಗಿಲ ಚಿಲಕ ಹಾಕಿದರು.