ಪ್ಲಾಸ್ಟಿಕ್ ಮೈಯ ಪಿಸ್ತೂಲು

ನಲವತ್ತು ವರ್ಷ ಶೂಟಿಂಗ್ ಕ್ಲಬ್ಬಿನ ಬಂದೂಕುಗಳನ್ನು ರಿಪೇರಿ ಮಾಡಿದವನು ನಾನು. ಎಲ್ಲವೂ ಉಕ್ಕು. ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದು, ಉಜ್ಜು, ಎಣ್ಣೆ ಸವರು. ಅಷ್ಟೇ ನನ್ನ ವಿದ್ಯೆ. ನಮ್ಮ ಕ್ಲಬ್ಬಿನಲ್ಲೇ ಶೂಟಿಂಗ್ ಕಲಿತ ಮಗಳು ಪ್ಲಾಸ್ಟಿಕ್ ಮೈಯ ಪಿಸ್ತೂಲು ತಂದಾಗ, “ಇದೇನೇ, ಆಟದ ಸಾಮಾನು!” ಎಂದು ನಕ್ಕಿದ್ದೆ.

ಆಯ್ಕೆ ಸ್ಪರ್ಧೆಯ ಹಿಂದಿನ ದಿನ, ಅವಳಿಗೊಂದು ಉಪಕಾರ ಮಾಡೋಣವೆಂದು ಅದನ್ನೂ ಥಿನ್ನರ್‌ಗೆ ಅದ್ದಿಟ್ಟೆ. ಬೆಳಿಗ್ಗೆ ತೆಗೆದರೆ ಮೈ ಬೆಳ್ಳಗೆ ಬಿರಿದು, ಹಿಡಿ ಬೆರಳಿಗೆ ಅಂಟುತ್ತಿತ್ತು. ಅವಳ ಸ್ಪರ್ಧೆ ತಪ್ಪಿತು. ತಪ್ಪಾಯಿತು ಎನ್ನುವ ಬದಲು ನಾನೇ ಅವಳ ಮೇಲೆ ಹರಿಹಾಯ್ದೆ. ಮೂರ್ಖ ಮುಂಡೇದು ನಾನು! ಅವಳು ಬೇರೆ ಊರಿನ ಕ್ಲಬ್ಬಿಗೆ ಹೊರಟುಹೋಗಿ ಮೂರು ವರ್ಷವಾಯಿತು.

ಆಮೇಲೆ ಕಲಿತೆ. ಕೆಟ್ಟ ಆ ಮೈಯನ್ನೇ ಚೂರು ಮಾಡಿ ಸಿಕ್ಕಸಿಕ್ಕ ದ್ರಾವಣದಲ್ಲೆಲ್ಲ ಹಾಕಿ ನೋಡಿದೆ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ಅಳಿಸುವ ಅಸಿಟೋನ್ ಬೇಡವೇ ಬೇಡ. ಪ್ಲಾಸ್ಟಿಕ್ಕಿಗೂ ಆಗುತ್ತದೆಂದು ಡಬ್ಬಿಯ ಮೇಲೆ ಬರೆದಿರುವ ದ್ರಾವಣವೇ ಬೇಕು. ಅದನ್ನೂ ಮೊದಲು ಒಳಮೈಯ ಮೂಲೆಗೆ ಒಂದೇ ತೊಟ್ಟು ಹಾಕಿ ನೋಡಬೇಕು. ಇದನ್ನೆಲ್ಲ ಯಾರಿಗೆ ಹೇಳಲಿ? ಕೇಳಬೇಕಾದವಳು ಫೋನೇ ಎತ್ತುತ್ತಿರಲಿಲ್ಲ.

ಮೊನ್ನೆ, ಆ ಊರಿಗೆ ಹೋಗಿಬಂದ ನಮ್ಮ ಕೋಚ್ ಒಂದು ಪೆಟ್ಟಿಗೆ ತಂದಿಟ್ಟ.

“ಯಜಮಾನ್ರೇ, ನಿಮ್ಮ ಮಗಳ ಹೊಸ ಪಿಸ್ತೂಲು. ಇದೂ ಪ್ಲಾಸ್ಟಿಕ್ ಮೈದೇ. ಕ್ಲೀನ್ ಮಾಡ್ಬೇಕಂತೆ. ‘ಈ ಸಲ ನೋಡ್ಕೊಂಡು ಮಾಡೋಕೆ ಹೇಳಿ’ ಅಂದ್ಲು.”

ಅವಳಿರುವ ಊರಲ್ಲಿ ರಿಪೇರಿಯವರಿಗೇನು ಬರವೇ?

ಮ್ಯಾಗಜೀನ್ ತೆಗೆದು, ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ನೋಡಿದೆ. ಕಿಟಕಿ ತೆರೆದು ಕೂತು, ಪ್ಲಾಸ್ಟಿಕ್ಕಿಗಾಗುವ ದ್ರಾವಣವನ್ನು ಒಳಮೂಲೆಗೆ ಒಂದು ತೊಟ್ಟು ಹಾಕಿ ನೋಡಿ, ನಳಿಗೆಯನ್ನು ಬೇರೆಯಾಗಿ, ಮೈಯನ್ನು ಬೇರೆಯಾಗಿ ಒರೆಸಿದೆ. ಹಿಡಿಯ ಗೆರೆಗಳಲ್ಲಿ ಅವಳ ಕೈಬೆವರು ಕಪ್ಪಗೆ ಕೂತಿತ್ತು. ಅದನ್ನು ತೆಗೆಯಲು ಮಾತ್ರ ಮನಸ್ಸೇ ಬರಲಿಲ್ಲ. ಎಷ್ಟೋ ಹೊತ್ತು ಸುಮ್ಮನೆ ಹಿಡಿದುಕೊಂಡು ಕೂತೆ, ಆಮೇಲೆ ಒರೆಸಿದೆ.

ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತಿದಳು.

“ಹೇಗಿದೆ?” ಹಲೋ ಇಲ್ಲ, ಅಪ್ಪಾ ಎನ್ನಲಿಲ್ಲ.

“ಒಂದು ಕಲೆ ಇಲ್ಲ.”

“ಸರಿ, ಕೋಚ್ ಕೈಲೇ ಕಳಿಸಿ.”

“ಆಗಲ್ಲ. ಇನ್ನೂ ಆರಬೇಕು.”

ಐದು ನಿಮಿಷಕ್ಕೆ ಆರುವ ದ್ರಾವಣ. ಅದು ಅವಳಿಗೂ ಗೊತ್ತು.

“ಎಷ್ಟು ದಿನ ಬೇಕಪ್ಪಾ?”

“ನೀನು ಬರೋವರೆಗೂ ಆರಲ್ಲ ಕಣೇ. ನಂದೇ ತಪ್ಪು. ಬಾ.”

ಆ ಕಡೆಯಿಂದ ಮೂಗು ಎಳೆದ ಸದ್ದು ಬಂತು.

“ಎಣ್ಣೆ ಹಾಕ್ಬೇಡಿ ಮತ್ತೆ,” ಎಂದಳು. “ನಾನೇ ಬಂದು ಹಾಕ್ತೀನಿ.”